ಆರುನೂರ ಹನ್ನೆರಡನೇ ಮೆಟ್ಟಿಲು

ಕಾಲುವೆ ಬಂದ ಮೇಲೆ ಈ ಸೀಮೆಯ ಜನಕ್ಕೆ ಎರಡು ಗಡಿಯಾರ. ಒಂದು ಗೋಡೆಯ ಮೇಲಿನದು, ಅದು ನಿಂತರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು ನೀರಿನ ಸರದಿ. ಅದು ತಪ್ಪಿದರೆ ಅಂದಿನ ರೊಟ್ಟಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಶಹಾಪುರದಿಂದ ಬಸ್ಸಿಗೆ ಅರ್ಧ ತಾಸಿನ ಆ ಊರು ಕಾಲುವೆಯ ಕಟ್ಟಕಡೆಗಿತ್ತು. ಮೇಲಿನ ಊರುಗಳೆಲ್ಲ ಕುಡಿದು ಬಿಟ್ಟ ನೀರು ಅಲ್ಲಿಗೆ ಬರುತ್ತಿತ್ತು. ಅದಕ್ಕೇ ಊರವರು ಕೂತು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಗೇಟು ನೋಡುವ ರಾಜಾಸಾಬ ಯಾರ ಸರದಿ ಎಷ್ಟು ಹೊತ್ತಿಗೆ ಎಂದು ಹೇಳುತ್ತಾನೆ. ಆ ಹೊತ್ತಿಗೆ ಹೊಲದವನು ಸಲಿಕೆ ಹಿಡಿದು ತೂಬಿನ ಬಾಯಲ್ಲಿ ನಿಂತಿರಬೇಕು. ನಿಂತಿರದಿದ್ದರೆ ನೀರು ಮುಂದಿನವನ ಹೊಲಕ್ಕೆ, ಆಮೇಲೆ ತಕರಾರಿಲ್ಲ. ಮೊದಲು ರಾಜಾಸಾಬ ಸೈಕಲ್ ಮೇಲೆ ಬಂದು ಹಣಮಪ್ಪನ ಗುಡಿಯ ಮುಂದೆ ಕೂಗಿ ಹೋಗುತ್ತಿದ್ದ. ಈಗ ಮೊಣಕಾಲು ನೋವು. ವಾಟ್ಸಪ್ಪಿನಲ್ಲಿ ಒಂದು ಗುಂಪು ಮಾಡಿ ಅದರೊಳಗೇ ಕೂಗುತ್ತಾನೆ.

ಅಲ್ಲಿನ ರೈತ ಅಂಬ್ರಪ್ಪನದು ಬಟನ್ ಫೋನು. ಮನೆಯಲ್ಲಿದ್ದ ಒಂದೇ ಒಂದು ಟಚ್ ಫೋನು ಮಗಳು ಮೋನಮ್ಮನ ಓದಿಗೆಂದು ತಂದದ್ದು. ಅವಳು ಶಹಾಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಕಾಲೇಜಿನಲ್ಲಿ ಫೋನು ಬಿಡುವುದಿಲ್ಲ, ಹೀಗಾಗಿ ಹಗಲೆಲ್ಲ ಅದು ಮನೆಯಲ್ಲೇ ಇರುತ್ತಿತ್ತು. ರಾಜಾಸಾಬನ ದನಿ ಬಂದರೆ ಕೇಳಿಸಿಕೊಂಡು ಗಂಡನ ಬಟನ್ ಫೋನಿಗೆ ಹೇಳುವುದು ಶೇಖಮ್ಮನ ಕೆಲಸ. ಎರಡು ವರ್ಷದಲ್ಲಿ ಅದು ಒಂದು ಸಲವೂ ತಪ್ಪಿರಲಿಲ್ಲ.

ಜನವರಿಯ ಒಂದು ಬುಧವಾರ ತಪ್ಪಿತು.

ಗೊಬ್ಬರ ತರಲು ಹೋಗಿದ್ದ ಅಂಬ್ರಪ್ಪ ಸಂಜೆ ನಾಲ್ಕಕ್ಕೆ ಊರಿಗೆ ಬಂದವನೇ ಹೊಲದ ಕಡೆ ನೋಡಿದ. ಪಕ್ಕದ ದ್ಯಾವಪ್ಪನ ಭತ್ತದಲ್ಲಿ ನೀರು ಫಳಫಳ ಹೊಳೆಯುತ್ತಿತ್ತು. ತನ್ನ ಮೂರು ಎಕರೆ ಬಿರುಕು ಬಿಟ್ಟಂತೆಯೇ ಇತ್ತು. ತಡವಾಗಿ ನಾಟಿದ ಭತ್ತ ತೆನೆ ಕಟ್ಟಲು ಹೊಡೆಗೆ ಬಂದ ಕಾಲ ಅದು. ಮುಂದಿನ ಸರದಿ ಬರುವಷ್ಟರಲ್ಲಿ ಅರ್ಧ ಪೈರು ಜೊಳ್ಳು. ಮನೆಗೆ ಬಂದು ಅವನು ಸಲಿಕೆಯನ್ನು ಪಡಸಾಲೆಯ ಫರ್ಸಿಕಲ್ಲಿನ ಮೇಲೆ ಎಸೆದ ಸದ್ದಿಗೆ, ತಂಬಾಕು ತಿಕ್ಕುತ್ತ ಕೂತಿದ್ದ ಅವನ ತಾಯಿ ದುರಗಮ್ಮ ಎದ್ದು ನಿಂತಳು.

ಅಷ್ಟರಲ್ಲಿ ಐದರ ಬಸ್ಸಿಗೆ ಮೋನಮ್ಮ ಬಂದಳು. ಅಪ್ಪ ಫೋನು ಅವಳ ಮುಂದೆ ಹಿಡಿದು, ರಾಜಾಸಾಬ ಹೇಳಿದ್ದಾನೋ ಇಲ್ಲವೋ ಕೇಳಿಸು ಎಂದ. ಅವಳು ಒತ್ತಿದಳು. ರಾಜಾಸಾಬನ ದನಿ ಸ್ಪಷ್ಟವಾಗಿ ಬಂತು: "ಅಂಬ್ರಪ್ಪಣ್ಣ, ಇವತ್ತು ಹನ್ನೆರಡರಿಂದ ನಾಕರ ತನಕ ನೀರು ನಿಂದು. ಜಲ್ದಿ ಬಾ." ಹೇಳಿದ್ದು ಬೆಳಗಿನ ಹನ್ನೊಂದಕ್ಕೆ.

"ಮನ್ಯಾಗ ಕಿವಿ ಇದ್ದವರು ಯಾರೂ ಇರಲಿಲ್ಲೇನು?" ಎಂದ ಅಂಬ್ರಪ್ಪ.

"ಸಪ್ಪಳನ ಬಂದಿಲ್ಲ," ಎಂದಳು ಶೇಖಮ್ಮ.

ಮೋನಮ್ಮ ಫೋನು ತಿರುಗಿಸಿ ನೋಡಿದಳು. "ಈ ಗುಂಪಿನ ಸಪ್ಪಳ ಬಂದ್ ಮಾಡ್ಯಾರ. ಕಾಯಂ ಬಂದ್ ಅದ," ಎಂದು ಮೆಲ್ಲಗೆ ಹೇಳಿ ತಲೆ ಎತ್ತಿ ತಾಯಿಯನ್ನು ನೋಡಿದಳು.

ಆ ನೋಟ ಪೂರ್ತಿಯಾಗುವ ಮೊದಲೇ ಶೇಖಮ್ಮನ ಕೈ ಮಗಳ ಕೆನ್ನೆಗೆ ಬಿದ್ದಿತ್ತು. "ನಿಂದ ಫೋನು, ನೀ ಅಲ್ದ ಮತ್ಯಾರು ಮಾಡ್ಯಾರ?" ಎಂದು ಬಾಯಿ ಹೇಳಿಯೂ ಆಗಿತ್ತು. ಹುಟ್ಟಿದಾಗಿನಿಂದ ಆ ಹುಡುಗಿಯ ಮೇಲೆ ಅವಳು ಕೈ ಎತ್ತಿದವಳಲ್ಲ. ಮೋನಮ್ಮ ಅಳಲಿಲ್ಲ, ಎದುರಾಡಲಿಲ್ಲ. ಕೆನ್ನೆ ಹಿಡಿದುಕೊಂಡು ನಿಂತಳು. ಅದನ್ನು ನೋಡಿ ಶೇಖಮ್ಮನಿಗೇ ದಿಗಿಲಾಯಿತು.

ಸಪ್ಪಳ ಬಂದ್ ಮಾಡಿದವಳು ಅವಳೇ.

ಹೋದ ಬೇಸಿಗೆಯಲ್ಲಿ ಯಾದಗಿರಿಯಲ್ಲಿ ಅವಳಿಗೆ ಗರ್ಭಚೀಲದ ಆಪರೇಷನ್ ಆಗಿತ್ತು. ಮೂರು ತಿಂಗಳು ಕೊಡ ಎತ್ತಬೇಡ, ಹೊಲಕ್ಕೆ ಹೋಗಬೇಡ ಎಂದಿದ್ದರು ಡಾಕ್ಟರು. ಏಳನೇ ವಯಸ್ಸಿಗೆ ಕಸಬರಿಗೆ ಹಿಡಿದವಳಿಗೆ ಸುಮ್ಮನೆ ಕೂರುವುದು ಗೊತ್ತೇ ಇರಲಿಲ್ಲ. ಬೇಸರ ಕಳೆಯಲೆಂದು ಮಗಳೇ ಫೋನಿನಲ್ಲಿ ಒಂದು ಹಣ್ಣಿನ ಆಟ ಹಾಕಿ ಕೊಟ್ಟಳು. ಒಂದೇ ಜಾತಿಯ ಮೂರು ಹಣ್ಣು ಸಾಲಾದರೆ ಅವು ಸಿಡಿದು ಮಾಯ. ಎಲ್ಲ ಮಾಯವಾದರೆ ಮುಂದಿನ ಮೆಟ್ಟಿಲು. ಮೂರು ತಿಂಗಳು ಮುಗಿದು ಹೊಲಿಗೆ ಮಾಯ್ದರೂ ಆಟ ಮಾಯಲಿಲ್ಲ. ಗಂಡ ಹೊಲಕ್ಕೆ, ಮಗಳು ಕಾಲೇಜಿಗೆ, ಅತ್ತೆ ಗುಡಿಯ ಕಟ್ಟೆಗೆ ಹೋದರೆ ಸಾಕು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ಫೋನು ಹೊರಗೆ ಬರುತ್ತಿತ್ತು. ಹಾಲು ಉಕ್ಕುತ್ತಿತ್ತು, ಪುಂಡಿಪಲ್ಯಕ್ಕೆ ಉಪ್ಪು ಮರೆಯುತ್ತಿತ್ತು. ಗುಂಪಿನ ಸಂದೇಶಗಳು ಮೇಲಿನಿಂದ ಇಳಿದು ಹಣ್ಣುಗಳನ್ನು ಮುಚ್ಚುತ್ತಿದ್ದವು. ಮುಂಜಾನೆ ಎಲ್ಲರೂ ಹೂವಿನ ಚಿತ್ರ ಹಾಕುತ್ತಿದ್ದರು, ಅದೊಂದು ಕಾಟ. ಆ ಬುಧವಾರದ ಹಿಂದಿನ ದಿನ ಸಿಟ್ಟಿಗೆ ಎಲ್ಲೋ ಒತ್ತಿದಳು, ಕಾಟ ನಿಂತಿತು. ಆ ಗುಂಪಿನೊಳಗೇ ತನ್ನ ಹೊಲದ ನೀರಿದೆ ಎಂಬುದು ಆಗ ಅವಳ ತಲೆಗೆ ಹೊಳೆಯಲೇ ಇಲ್ಲ.

ಕೊಡಲಿ ಏಟು ಬಿದ್ದದ್ದು ಮೋನಮ್ಮನ ಮೇಲೆ. ದುರಗಮ್ಮ ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ತಂಬಾಕಿನ ಜೊತೆ ಉಗುಳಿದಳು.

"ಹುಡುಗಿಗಿ ಫೋನ್ ಕೊಟ್ಟಾಗ ನಾ ಹೇಳಿದ್ದಿಲ್ಲೇನು? ಹಣಮಿ ಮಗ ತಾಯಪ್ಪ ಅದಾನ, ಕಡೇಚೂರ ಫ್ಯಾಕ್ಟರಿಯಾಗ ದುಡಿತಾನ. ಕೊಟ್ಟು ಕೈ ತೊಳ್ಕೊ."

"ಪರೀಕ್ಷಿ ಎರಡು ತಿಂಗಳು ಅದ ಆಯಿ," ಎಂದಳು ಮೋನಮ್ಮ.

"ನೆಲ್ಲು ಒಣಗಿಸಿದಾಕಿಗಿ ಯಾವ ಪರೀಕ್ಷಿ?" ಎಂದ ಅಂಬ್ರಪ್ಪ. ಮರುದಿನದಿಂದ ಕಾಲೇಜು ಬಂದ್ ಎಂದ. ಹುಡುಗಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿದೆ, ಯುಗಾದಿಯೊಳಗೆ ಅಕ್ಷತೆ ಎಂದು ಸುರಪುರದಲ್ಲಿದ್ದ ಅಕ್ಕ ಹಣಮಮ್ಮನಿಗೆ ಅಲ್ಲಿಂದಲೇ ಫೋನು ಹಚ್ಚಿದ. ಟಚ್ ಫೋನನ್ನು ಟ್ರಂಕಿನಲ್ಲಿ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಹೊತ್ತು ಹೊತ್ತಿಗೆ ತಾನೇ ತೆಗೆದು ಚಾರ್ಜ್ ಮಾಡಿ, ರಾಜಾಸಾಬನ ದನಿ ಕೇಳಿ, ಮತ್ತೆ ಒಳಗಿಡುವುದು ಎಂದು ಗೊತ್ತು ಮಾಡಿದ. ಶೇಖಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಈ ವಯಸ್ಸಿಗೆ ಊರೆಲ್ಲ ನಗುತ್ತದೆ ಎಂದು ನುಂಗಿದಳು.

ಐದನೇ ದಿನಕ್ಕೆ ಸರ್ವರಬೇಗಂ ಬಂದಳು. ಯಾದಗಿರಿಯ ಹುಡುಗಿ, ಎಂ.ಎ. ಓದುತ್ತಿದ್ದಳು. ಕೈಯಲ್ಲಿ ಒಂದು ಕಟ್ಟು ಕಾಗದ, ತಲೆಯ ಮೇಲೆ ದುಪಟ್ಟಾ. ಕಾಲುವೆ ಕಡೆಯ ಹಳ್ಳಿಗಳಲ್ಲಿ ಫೋನಿನ ಆಟ ಎಷ್ಟು ಜನಕ್ಕೆ ಚಟವಾಗಿದೆ ಎಂದು ಸಂಶೋಧನೆ ಮಾಡುತ್ತಿದ್ದೇನೆ, ಹನ್ನೆರಡು ವರ್ಷ ದಾಟಿದ ಪ್ರತಿಯೊಬ್ಬರನ್ನೂ ಬೇರೆ ಬೇರೆ ಕೂಡಿಸಿ ಕೇಳಬೇಕು, ಹೆಸರು ಬರೆಯುವುದಿಲ್ಲ, ಬರೀ ನಂಬರು ಎಂದು ವಿವರಿಸಿದಳು.

"ನಂದೂ ಒಂದು ಚಟ ಅದ, ತಂಬಾಕು. ಬರಕೋ," ಎಂದಳು ದುರಗಮ್ಮ.

ಸರ್ವರಬೇಗಂ ನಕ್ಕಳು. "ಅದು ಬಾಯಾಗ ಹಾಕ್ಕೊಳ್ಳೋ ಚಟ ಆಯಿ. ಬಾಯಾಗ ಏನೂ ಹಾಕ್ಕೊಳ್ಳದ ಹತ್ತೋ ಚಟ ಇರ್ತಾವಲ್ಲ, ಆಟ, ಮಟ್ಕಾ, ಫೋನಿನ ಇಸ್ಪೀಟು, ಅಂಥಾವು ಹುಡುಕಾಕತ್ತೇನಿ."

ಪ್ರಶ್ನೆಗಳು ಒಂಬತ್ತು. ಆಡದಿದ್ದಾಗಲೂ ಆಟವೇ ತಲೆಯಲ್ಲಿರುತ್ತದೆಯೇ, ಕಸಿದುಕೊಂಡರೆ ಸಿಟ್ಟು ಬರುತ್ತದೆಯೇ, ಬಿಡಬೇಕೆಂದು ನೋಡಿ ಸೋತದ್ದಿದೆಯೇ, ಮನೆಯವರಿಗೆ ಸುಳ್ಳು ಹೇಳಿದ್ದಿದೆಯೇ, ಹೀಗೆ. ಐದಕ್ಕೆ ಹೌದು ಎಂದರೆ ಚಟವೆಂದು ಲೆಕ್ಕ. ಹಿತ್ತಲಿನ ಬೇವಿನ ಮರದ ಕೆಳಗೆ ಒಬ್ಬೊಬ್ಬರೇ ಹೋಗಿ ಕೂತು ಬಂದರು. ಶೇಖಮ್ಮ ತನ್ನ ಪಾಳಿಗೆ ಒಂಬತ್ತಕ್ಕೂ ಇಲ್ಲ ಎಂದಳು. ಅಷ್ಟಕ್ಕೇ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳೂ ಹಾಗೆಯೇ, ಏಳದೆ ಕೂತುಬಿಟ್ಟಳು.

"ನನಗೇನ್ ಕೇಳ್ತಿಯವ್ವ. ನನ್ನ ಮಗಳ ಚಟ ಕೇಳು," ಎಂದಳು.

ಕೇಳದೆಯೇ ಹೇಳತೊಡಗಿದಳು. ಮಧ್ಯಾಹ್ನ ಮನೆ ಖಾಲಿಯಾದ ಕೂಡಲೇ ಹಿಡಿಯುತ್ತಾಳೆ. ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ, ಹಿಟ್ಟು ಹತ್ತಿದರೆ ಸೆರಗಿನಿಂದ ಒರೆಸಿಕೊಂಡು ಮತ್ತೆ ಆಡುತ್ತಾಳೆ. ರೊಟ್ಟಿ ಬಡಿಯುವಾಗಲೂ ಕಣ್ಣಲ್ಲಿ ಹಣ್ಣೇ ಕುಣಿಯುತ್ತವೆ. ದೇವರ ಮೇಲೆ ಆಣೆ ಇಟ್ಟು ಬಿಟ್ಟಳು, ಎರಡು ದಿನಕ್ಕೆ ಆಣೆಯೂ ಹೋಯಿತು. ಹೇಳುತ್ತ ಹೇಳುತ್ತ ಅವಳಿಗೆ ಎದೆ ಹಗುರವಾಯಿತು. ಯಾರ ಮುಂದೂ ಹೇಳದ್ದನ್ನು ಮಗಳ ಹೆಸರಿಗೆ ಹಾಕಿ ಹೇಳಿ ಮುಗಿಸಿದ್ದಳು. ಸರ್ವರಬೇಗಂ ಎಲ್ಲ ಬರೆದುಕೊಂಡಳು. ಒಂದು ಸಲ ಮಾತ್ರ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದಳು.

ಮುಂದಿನ ಎರಡು ವಾರ ಮನೆಯಲ್ಲಿ ಯಾರಿಗೆ ಏನಾಗಬೇಕಿತ್ತೋ ಅದು ಆಗಲಿಲ್ಲ. ಫೋನಿಲ್ಲದ ಮೋನಮ್ಮ ಬೆಳಗ್ಗೆ ಕಸ ಗುಡಿಸಿ, ಮಜ್ಜಿಗೆ ಕಡೆದು, ಮಧ್ಯಾಹ್ನ ಬೇವಿನ ಕೆಳಗೆ ಹಳೆಯ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದಳು. ಫೋನು ಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ. ಕೆಟ್ಟು ಹೋದವಳು ಶೇಖಮ್ಮ. ಸುಮ್ಮಸುಮ್ಮನೆ ರೇಗುವಳು, ಅತ್ತೆಯ ಮೇಲೆ ಹಾಯುವಳು. ಊಟಕ್ಕೆ ಕೂತರೆ ಹೆಬ್ಬೆರಳು ತಾಟಿನ ಅಂಚಿನ ಮೇಲೆ ತಾನಾಗಿಯೇ ಆಚೀಚೆ ಸರಿಯುವುದು. ತವರಿಗೆ ಮಾತಾಡಬೇಕು ಎಂದು ಪಕ್ಕದ ಮನೆಯ ಮಕ್ತುಂಬಿಯ ಫೋನು ಇಸಿದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಆಟ ಹಿಡಿದು ಕೂತಳು. ನಿಮ್ಮ ತವರು ಏನು ದುಬೈಯಲ್ಲಿದೆಯೇನವ್ವ, ತಾಸುಗಟ್ಟಲೆ ಮಾತು ಎಂದು ಮಕ್ತುಂಬಿ ಮೂರನೇ ದಿನ ಚೇಷ್ಟೆ ಮಾಡಿದ ಮೇಲೆ ಆ ದಾರಿಯೂ ಮುಚ್ಚಿತು.

ಒಂದು ಮುಂಜಾನೆ ಅಂಬ್ರಪ್ಪ ಸ್ನಾನಕ್ಕೆ ಕೂತಾಗ ಉಡದಾರ ಬಿಚ್ಚಿ ಗೂಟಕ್ಕೆ ಹಾಕಿದ್ದ. ಶೇಖಮ್ಮನ ಕಾಲುಗಳು ತಾವಾಗಿಯೇ ಆ ಕಡೆ ಹೋದವು. ಕೀಲಿ ತಿರುಗಿತು, ಟ್ರಂಕು ತೆರೆಯಿತು. ಒಂದೇ ಒಂದು ಸಲ ನೋಡಿ ಇಟ್ಟುಬಿಡುತ್ತೇನೆ ಎಂದುಕೊಂಡಳು. ಬಚ್ಚಲಿನಿಂದ ಗಂಡ ಇನ್ನೊಂದು ತಂಬಿಗೆ ಬಿಸಿನೀರು ತಾ ಎಂದು ಮೂರು ಸಲ ಕೂಗಿದ್ದು ಅವಳಿಗೆ ಕೇಳಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಮೋನಮ್ಮ. ಅವಳ ಕೈಯಲ್ಲಿ ಖಾಲಿ ತಂಬಿಗೆ. ನೀರನ್ನು ಅವಳೇ ಕೊಟ್ಟು ಬಂದಿದ್ದಳು.

"ಎಷ್ಟನೇ ಮೆಟ್ಟಿಲಾತವ್ವ?" ಎಂದು ಕೇಳಿದಳು.

ಶೇಖಮ್ಮ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಆ ಬುಧವಾರ ಆರುನೂರ ಹನ್ನೊಂದಿತ್ತು," ಎಂದಳು ಮಗಳು. "ದಿನಾ ಸಂಜಿಕಿ ಬಂದು ನೋಡ್ತಿದ್ದೆ. ಅಪ್ಪಗ ಹೇಳಿದ್ರ ನಿನಗ ಹೊಡೀತಾನಂತ ಸುಮ್ಮನಿದ್ದೆ. ಜಲ್ದಿ ಇಡು, ಅಪ್ಪ ಹೊರಗ ಬರಾಕತ್ಯಾನ."

ಗೊತ್ತಿತ್ತು. ಕೆನ್ನೆಗೆ ಏಟು ಬಿದ್ದ ಹೊತ್ತಿನಲ್ಲೂ ಆ ಹುಡುಗಿಗೆ ಎಲ್ಲ ಗೊತ್ತಿತ್ತು. ಶೇಖಮ್ಮ ಟ್ರಂಕು ಮುಚ್ಚಿ, ಕೀಲಿ ಗೂಟಕ್ಕೆ ಹಾಕಿ, ಒಲೆಯ ಮುಂದೆ ಹೋಗಿ ಕೂತಳು. ಸಿಕ್ಕಿಬಿದ್ದದ್ದಕ್ಕಿಂತ ದೊಡ್ಡ ಗಾಬರಿ ಇನ್ನೊಂದು: ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ, ಆರುನೂರ ಹನ್ನೆರಡರಲ್ಲಿ ಅರ್ಧಕ್ಕೆ ನಿಂತ ಆಟವೇ ಅವಳ ಕಣ್ಣ ಮುಂದಿತ್ತು.

ಸರ್ವರಬೇಗಂ ಎರಡನೇ ಸಲ ಬಂದದ್ದು ಶನಿವಾರ. ಮರುದಿನವೇ ಹಣಮಮ್ಮನ ಕಡೆಯವರು ಬಂದು ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವವರಿದ್ದರು. ಹಿತ್ತಲಿನಲ್ಲಿ ಶೇಖಮ್ಮ ಹಾಸಿಗೆಯ ಹೊದಿಕೆ ಒಗೆಯುತ್ತಿದ್ದಳು. ಹುಡುಗಿ ಬಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಳು. ಯಾರೂ ಇಲ್ಲದ್ದನ್ನು ನೋಡಿ ದನಿ ತಗ್ಗಿಸಿದಳು.

"ನೀವು ಮಗಳದು ಅಂತ ಹೇಳಿದ್ರಲ್ರಿ, ಅದನ್ನ ಮನಿಗಿ ಹೋಗಿ ಓದಿದೆ. ಸೆರಗಿನಿಂದ ಒರಸ್ತಾಳ ಅಂದ್ರಿ. ಮಗಳು ಚೂಡಿದಾರ ಹಾಕ್ತಾಳ. ಅಕಿಗಿ ಸೆರಗು ಎಲ್ಲಿಂದ ಬಂತ್ರಿ?"

ಶೇಖಮ್ಮನ ಕೈಯಿಂದ ಸಾಬೂನು ಜಾರಿ ಚರಂಡಿಗೆ ಬಿತ್ತು.

"ಮಧ್ಯಾಹ್ನ ಆಡ್ತಾಳ ಅಂದ್ರಿ. ಮಧ್ಯಾಹ್ನ ಅಕಿ ಕಾಲೇಜಿನಾಗಿದ್ಳು. ನೀವು ಹೇಳಿದ್ದು ಲೆಕ್ಕ ಹಾಕಿದ್ರ ಒಂಬತ್ತಕ್ಕ ಎಂಟು ಆಗ್ತಾವ್ರಿ ಅಮ್ಮಾ. ನಾ ಮೂವತ್ತು ಊರು ತಿರಗೀನಿ. ಎಂಟು ಎಲ್ಲೂ ಸಿಕ್ಕಿದ್ದಿಲ್ಲ."

ಶೇಖಮ್ಮನಿಗೆ ಸಿಡಿಲು ಬಡಿದಂತಾಯಿತು. ಕುಡಿದು ಗಟಾರದಲ್ಲಿ ಬೀಳುವವರು, ಮಟ್ಕಾಕ್ಕೆ ಹೊಲ ಬರೆದುಕೊಟ್ಟವರು, ಅಂಥವರಿಗೆ ಇರುವುದು ಚಟ. ರೊಟ್ಟಿ ಬಡಿಯುವ ಹೆಂಗಸಿಗೂ ಅದೇ ಹೆಸರು ಹತ್ತುತ್ತದೆ ಎಂದು ಅವಳು ಕನಸಿನಲ್ಲೂ ನೆನೆಸಿರಲಿಲ್ಲ. ಒಳಗೆ ಹೇಳಬೇಡ ಎಂದು ಒದ್ದೆ ಕೈಯಿಂದಲೇ ಹುಡುಗಿಯ ಕೈ ಹಿಡಿದುಕೊಂಡಳು. ಸರ್ವರಬೇಗಂ, ಹೇಳುವಂತಿಲ್ಲ, ಇದು ನಮ್ಮ ಓದಿನ ನೇಮ ಎಂದಳು. ಯಾದಗಿರಿಯ ಆಸ್ಪತ್ರೆಯಲ್ಲಿ ಗುರುವಾರ ಇದಕ್ಕೆಂದೇ ಒಬ್ಬ ಡಾಕ್ಟರು ಕೂರುತ್ತಾರೆ, ನಾನೇ ಜೊತೆಗೆ ಬರುತ್ತೇನೆ ಎಂದಳು. ಹೊರಡುವಾಗ ಪಡಸಾಲೆಯ ಕಡೆ ನೋಡಿದಳು. ಅಲ್ಲಿ ದುರಗಮ್ಮ ನಾಳೆಗೆಂದು ಸಕ್ಕರೆ ಜರಡಿ ಹಿಡಿಯುತ್ತಿದ್ದಳು.

"ಬಾಯಿ ನೀವ ಬಿಡಬೇಕ್ರಿ ಅಮ್ಮಾ," ಎಂದಷ್ಟೇ ಹೇಳಿ ಹೋದಳು.

ಭಾನುವಾರ ಮಧ್ಯಾಹ್ನ ಸುರಪುರದ ಬಸ್ಸಿಗೆ ಹಣಮಮ್ಮ, ಅವಳ ಮಗ ತಾಯಪ್ಪ, ಜೊತೆಗೆ ಇಬ್ಬರು ಹಿರಿಯರು ಬಂದರು. ಹೋಳಿಗೆ ಊಟ ಆಯಿತು. ಚಹಾ ಬಂತು. ಫರ್ಸಿಯ ಮೇಲೆ ಕಂಬಳಿ ಹಾಸಿ, ನಡುವೆ ಹಿತ್ತಾಳೆಯ ತಾಟಿನಲ್ಲಿ ಸಕ್ಕರೆ ಇಟ್ಟರು. ಮೋನಮ್ಮ ಶೇಖಮ್ಮನ ಹಸಿರು ಸೀರೆ ಉಟ್ಟು ಗೋಡೆಗೆ ಒರಗಿ ನಿಂತಿದ್ದಳು. ಒಂದು ಚಿಟಿಕೆ ಸಕ್ಕರೆ ಬಾಯಿಗೆ ಬಿದ್ದರೆ ಮಾತು ಮುಗಿಯಿತು, ಆಮೇಲೆ ತಿರುಗಿಸಿಕೊಳ್ಳುವಂತಿಲ್ಲ. ಹಣಮಮ್ಮ ತಾಟಿಗೆ ಕೈ ಹಾಕಿದಳು.

"ತಡಿ ಅಕ್ಕಾ," ಎಂದಳು ಶೇಖಮ್ಮ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಆ ಬುಧವಾರ ಫೋನು ನನ್ನ ಕೈಯಾಗಿತ್ತು. ಗುಂಪಿನ ಸಪ್ಪಳ ನಾನ ಬಂದ್ ಮಾಡೀನಿ. ಆಟದ ಸಲುವಾಗಿ. ಮೋನಿ ತಪ್ಪಿಲ್ಲ. ನೆಲ್ಲು ಒಣಗಿಸಿದಾಕಿ ನಾನು."

ಹಣಮಮ್ಮ ನಕ್ಕಳು. ಹಿರಿಯರೂ ನಕ್ಕರು. ಹಡೆದ ಕರುಳು ಹೀಗೇ, ಮಗಳ ಮೇಲಿನ ಮಾತು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಎಂದು ದುರಗಮ್ಮ ಕಣ್ಣು ಕೂಡ ಒರೆಸಿಕೊಂಡಳು. ಶೇಖಮ್ಮ ದಂಗಾದಳು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಏನೇನೋ ಎಣಿಸಿದ್ದಳು. ನಂಬುವುದೇ ಇಲ್ಲ ಎಂದು ಎಣಿಸಿರಲಿಲ್ಲ.

"ಸುಳ್ಳ ಹೇಳಿ ಮಗಳಿಗಿ ಉಳಸಬ್ಯಾಡ," ಎಂದ ಅಂಬ್ರಪ್ಪ. "ಸಣ್ಣ ಹುಡುಗರ ಆಟ ನಿನಗೇನು ಬರ್ತದ?"

"ಕೀಲಿ ಕೊಡ್ರಿ," ಎಂದಳು ಅವಳು.

ಅವನು ನಗುತ್ತಲೇ ಕೀಲಿ ಕೊಟ್ಟ. ಅವಳು ಟ್ರಂಕಿನಿಂದ ಫೋನು ತಂದು, ಎಲ್ಲರಿಗೂ ಕಾಣುವಂತೆ ಸಕ್ಕರೆಯ ತಾಟಿನ ಪಕ್ಕ ಕೂತು ಆಟ ತೆರೆದಳು. ಆರುನೂರ ಹನ್ನೆರಡು. ಎರಡು ಸಾಲು ಸಿಡಿಸಿ ತೋರಿಸಿ ಇಟ್ಟುಬಿಡುವುದು, ಅಷ್ಟೇ ಇದ್ದದ್ದು ಅವಳ ಮನಸ್ಸಿನಲ್ಲಿ.

ಹೆಬ್ಬೆರಳು ಇಳಿಯಿತು. ಮಾವು ಸಿಡಿಯಿತು, ದ್ರಾಕ್ಷಿ ಸಿಡಿಯಿತು. ತಾಯಪ್ಪ ಬಗ್ಗಿ ನೋಡಿದವನು, ಅಬ್ಬಾ ಎಂದ. ಫ್ಯಾಕ್ಟರಿಯಲ್ಲಿ ಇಪ್ಪತ್ತರ ಹುಡುಗರ ಕೈಯೂ ಅಷ್ಟು ಚುರುಕಾಗಿ ಓಡುವುದನ್ನು ಅವನು ಕಂಡಿರಲಿಲ್ಲ. ಎರಡು ಸಾಲು ಆಯಿತು, ನಾಲ್ಕಾಯಿತು. ನಗುತ್ತಿದ್ದ ಹಿರಿಯರು ನಗು ನಿಲ್ಲಿಸಿದರು. ಚಹಾದ ಮೇಲೆ ಕೆನೆ ಕಟ್ಟಿತು. ಸಾಕು ಇಡು, ನೋಡಿದೆವು ಎಂದ ಅಂಬ್ರಪ್ಪ. ಅವಳು ಇಡಲಿಲ್ಲ. ಹೆಸರು ಹಿಡಿದು ಕರೆದ. ಅವಳು ತಲೆ ಎತ್ತಲಿಲ್ಲ. ಫೋನಿನ ಮೇಲೆ ಬೆವರು ಬಿದ್ದರೆ ಸೆರಗಿನಿಂದ ಒರೆಸಿಕೊಂಡು ಮತ್ತೆ ಆಡಿದಳು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಅಂಬ್ರಪ್ಪ ಯಾರೋ ಹೊರಗಿನವಳನ್ನು ನೋಡುವಂತೆ ನೋಡಿದ. ದುರಗಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು.

ಮೊದಲು ಮಾತಾಡಿದವನು ತಾಯಪ್ಪ. "ಮಾಮಾ, ಮೋನಮ್ಮ ಪರೀಕ್ಷಿ ಬರೀಲಿ ಬಿಡ್ರಿ. ಉಳಿದದ್ದು ಆಮ್ಯಾಲ," ಎಂದ. ಹಣಮಮ್ಮ ಸಕ್ಕರೆಯ ತಾಟಿಗೆ ಬಟ್ಟೆ ಮುಚ್ಚಿ ಒಳಗೆ ಸರಿಸಿದಳು.

ಅಂಬ್ರಪ್ಪ ಮಗಳ ಕಡೆ ತಿರುಗಿದ. ಮುಖ ನೋಡಲಾಗದೆ ಅವಳ ಕಾಲು ನೋಡುತ್ತ ಹೇಳಿದ: "ನಾಳಿ ಮುಂಜಾನಿ ಬಸ್ಸಿಗಿ ಕಾಲೇಜಿಗಿ ಹೋಗವ್ವ."

ಈ ಒಂದು ಮಾತು ಕೇಳಲಿಕ್ಕೆಂದೇ ಶೇಖಮ್ಮ ನಾಲ್ಕು ಜನರ ನಡುವೆ ಮಾನ ಬಿಟ್ಟು ಕೂತದ್ದು. ಮೋನಮ್ಮ ಓಡಿ ಬಂದು ತಾಯಿಯ ಮುಂದೆ ಕುಕ್ಕರಿಸಿದಳು.

"ಅವ್ವಾ, ಅಪ್ಪ ಏನಂದ ಕೇಳಿದ್ಯಾ?"

"ತಡಿ ಮೋನಿ," ಎಂದಳು ಶೇಖಮ್ಮ, ಕಣ್ಣು ಕೀಳದೆ. "ಇದೊಂದ ಸಾಲು."

ಮೋನಮ್ಮ ಫೋನಿನ ಮೇಲೆ ಅಂಗೈ ಇಟ್ಟಳು. ಶೇಖಮ್ಮ ಆ ಕೈಯನ್ನು ತಳ್ಳಿದಳು. ಮಗಳು ಮತ್ತೆ ಇಟ್ಟಳು. ಈ ಸಲ ಶೇಖಮ್ಮನ ಬಲಗೈ ಮೇಲೆದ್ದಿತು, ಮಗಳ ಕೆನ್ನೆಯ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು. ಆಗ ಅವಳು ತಲೆ ಎತ್ತಿ ನೋಡಿದಳು. ಪಡಸಾಲೆಯಲ್ಲಿ ಇದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಈಗ ಎಲ್ಲರೂ ನಂಬಿದ್ದರು.